ಅಮ್ಮನ ಬೆಕ್ಕಿನ ಪಥ್ಯ

ನಮ್ಮ ಮನೆಯಲ್ಲಿ ನನ್ನ ಹೊಟ್ಟೆಗಿಂತ ಬೆಕ್ಕಿನ ಹೊಟ್ಟೆಗೆ ಮರ್ಯಾದೆ ಹೆಚ್ಚು. ನನಗೆ ಹೊಟ್ಟೆ ಕೆಟ್ಟರೆ ನನ್ನ ಹೆಂಡತಿ ತಿರುಗಿಯೂ ನೋಡದೆ, "ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ?" ಎಂದು ತೀರ್ಪು ಕೊಟ್ಟು ಮುಗಿಸುತ್ತಾಳೆ. ಬೆಕ್ಕಿಗೆ ಕೆಟ್ಟಾಗ ಮಾತ್ರ ಮನೆಯಲ್ಲಿ ರಾಷ್ಟ್ರೀಯ ಶೋಕ. (ಕೆಡಿಸಿದವನು ನಾನೇ ಎಂಬುದು ಬೇರೆ ಮಾತು. ಆ ಬೇರೆ ಮಾತನ್ನೇ ಈಗ ಹೇಳಬೇಕಾಗಿದೆ.)

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಲ್ಲಿ ಕಿಟಕಿಯ ಪಕ್ಕದ ಮಣೆ ಅಮ್ಮನದು. ಹೋದ ವರ್ಷ ತೀರಿಕೊಳ್ಳುವವರೆಗೂ ಅದರ ಮೇಲೆ ಕುಳಿತು ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. ಅಂಗಿ ಹರಿದು ಚಿಂದಿಯಾದರೂ ಅವಳು ಹಾಕಿದ ಕಾಜಾ ಮಾತ್ರ ಜಗ್ಗುತ್ತಿರಲಿಲ್ಲ. ಹೆಬ್ಬೆರಳಗಲದ ಬಟ್ಟೆ ಚೂರನ್ನೂ ನನಗೆ ಎಸೆಯಲು ಬಿಡುತ್ತಿರಲಿಲ್ಲ. "ಚೆನ್ನಾಗಿರೋದನ್ನ ಯಾಕೋ ಎಸೀತೀಯ? ಯಾವುದಕ್ಕಾದ್ರೂ ಆಗುತ್ತೆ" ಎನ್ನುತ್ತಿದ್ದಳು. ಆ ಚೂರುಗಳೆಲ್ಲ ಒಂದು ಬುಟ್ಟಿಗೆ, ಬುಟ್ಟಿಯ ಮೇಲೆ ಬೆಕ್ಕು. ನಾನು ಮಿಷನ್ ತುಳಿಯಲು ಶುರು ಮಾಡಿದ ಮೇಲೆ ಅಮ್ಮ ಅದನ್ನು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋಗಿ ಮೆತ್ತನೆ ಅನ್ನಕ್ಕೆ ಬೇಯಿಸಿದ ಮೀನಿನ ಚೂರು ಕಲಸಿ ಉಣಿಸುತ್ತಿದ್ದಳು. ಅವಳು ಹೋದ ಮೇಲೆ ಅದೇ ಅನ್ನವನ್ನು ನನ್ನ ಹೆಂಡತಿ ತಟ್ಟೆಗೆ ಹಾಕಿಡುತ್ತಿದ್ದಳು. ಈಗಲೂ ಕೆಲವು ಸಲ "ಅಮ್ಮಾ, ಇದಕ್ಕೊಂದು ಕಾಜಾ" ಎಂದು ಅಂಗಿ ಚಾಚುತ್ತೇನೆ. ಕಿಟಕಿಯ ಬಳಿ ಬೆಕ್ಕೊಂದೇ ಇರುತ್ತದೆ.

ಹೀಗಿರುವಾಗ ಒಂದು ದಿನ ಪೇಟೆಯ ಅಂಗಡಿಯೊಂದರಲ್ಲಿ ಬೆಕ್ಕಿನ ಆಹಾರದ ಪೊಟ್ಟಣ ಕಂಡೆ. ಅದರ ಮೇಲಿನ ಚಿತ್ರದ ಬೆಕ್ಕಿನ ಮೈ ರೇಷ್ಮೆಯ ಲೈನಿಂಗಿನಂತೆ ಹೊಳೆಯುತ್ತಿತ್ತು. ಅಮ್ಮನ ಬೆಕ್ಕನ್ನೂ ಹಾಗೆ ಹೊಳೆಸಬೇಕೆಂಬ ಘನಸಂಕಲ್ಪ ಮಾಡಿ ಪೊಟ್ಟಣ ಹೊತ್ತು ತಂದೆ.

"ಅತ್ತೆ ಹಾಕ್ತಿದ್ದ ಅನ್ನಕ್ಕೆ ಏನು ಬಂದಿತ್ತು ರೋಗ?" ಎಂದಳು ನನ್ನವಳು.

"ಇದು ವಿಜ್ಞಾನ ಕಣೇ!"

"ನಿಮ್ಮ ವಿಜ್ಞಾನ ನಿಮ್ಮ ಅಳತೆ ಟೇಪಿಗೆ ಸಾಕು. ಬೆಕ್ಕಿನ ಹೊಟ್ಟೆಗೆ ಕೈ ಹಾಕ್ಬೇಡಿ."

ಹಾಕಿದೆ. ಬೆಳಿಗ್ಗೆಯಿಂದಲೇ ಅನ್ನ ಬಂದ್, ಪೊಟ್ಟಣ ಚಾಲೂ. ಬೆಕ್ಕು ಮೊದಲ ದಿನ ಕರುಂ ಕುರುಂ ಎಂದು ಸೊಗಸಾಗಿ ತಿಂದಿತು. ಮರುದಿನ ಗಣಿತದ ಮೇಷ್ಟ್ರ ಬಿಳಿ ಪ್ಯಾಂಟಿನ ಬಟ್ಟೆಯ ಮೇಲೆ, ನಾನು ಚಾಕ್‌ನಲ್ಲಿ ಎಳೆದ ಗೆರೆಗಳ ನಡುವೆ, ತನ್ನ ಅಭಿಪ್ರಾಯವನ್ನು ಧಾರಾಳವಾಗಿ ಮಂಡಿಸಿತು. ಆಮೇಲೆ ಬುಟ್ಟಿ, ಮೆಟ್ಟಿಲು, ನನ್ನ ಚಪ್ಪಲಿ. ಸಂಜೆಗೆ ಸುಸ್ತಾಗಿ ಬುಟ್ಟಿಯಲ್ಲಿ ಮುದುರಿಕೊಂಡಿತು. ಏನು ಕೊಟ್ಟರೂ ಮೂಸಿಯೂ ನೋಡಲಿಲ್ಲ.

ಬುಟ್ಟಿಯ ಸಮೇತ ಆಸ್ಪತ್ರೆಗೆ ಓಡಿದೆವು. ಪಶುವೈದ್ಯೆ ಬೆಕ್ಕಿನ ಹೊಟ್ಟೆ ಒತ್ತಿ ನೋಡುತ್ತ, "ಇದರ ಹೆಸರೇನು?" ಎಂದರು.

"ಬೆಕ್ಕು" ಎಂದೆ.

"ಅದು ನನಗೂ ಕಾಣ್ತಿದೆ. ಹೆಸರು?"

"ಇಟ್ಟಿಲ್ಲ ಡಾಕ್ಟ್ರೇ."

ನನ್ನವಳು ಏನೋ ಹೇಳಲು ಹೋಗಿ, ಬೆಕ್ಕಿನ ತಲೆ ಸವರತೊಡಗಿದಳು.

"ಊಟ ಒಂದೇ ಸಲಕ್ಕೆ ಬದಲಾಯಿಸಿದ್ರಾ? ಹಳೇದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸ್ಬೇಕಿತ್ತು. ಸದ್ಯಕ್ಕೆ ಹಳೇ ಊಟನೇ ಕೊಡಿ, ಉಪ್ಪು ಬೇಡ. ವಯಸ್ಸಾಗಿದೆ, ಉಪವಾಸ ಬಿಟ್ರೆ ಕಷ್ಟ. ನಾಳೆಗೂ ತಿನ್ನದಿದ್ರೆ ಕರ್ಕೊಂಡು ಬನ್ನಿ" ಎಂದು ಔಷಧಿ ಕೊಟ್ಟು ಕಳಿಸಿದರು.

ದಾರಿಯುದ್ದಕ್ಕೂ ಬುಟ್ಟಿಯನ್ನು ಎದೆಗವಚಿಕೊಂಡು ನಡೆದೆ. ಅಮ್ಮ ಬಿಟ್ಟು ಹೋದದ್ದರಲ್ಲಿ ಉಸಿರಾಡುವುದು ಅದೊಂದೇ. ಅದೂ ಹೋದರೆ ಅಮ್ಮ ಇನ್ನೊಂದು ಸಲ ಹೋದಂತೆ. ಅದಕ್ಕೂ ಕಾರಣ ನನ್ನ ವಿಜ್ಞಾನ.

ಮರುದಿನ ಬೆಳಿಗ್ಗೆ ನನ್ನವಳು ಅನ್ನ, ಮೀನು ಬೇಯಿಸಿಕೊಟ್ಟಳು. ನಾನು ನೆಲದ ಮೇಲೆ ಬೋರಲು ಮಲಗಿ, "ಬಾ ಬಂಗಾರ, ನನ್ನಪ್ಪಾ, ಒಂದೇ ಒಂದು ತುತ್ತು" ಎಂದು ಗೋಗರೆದೆ. (ಮದುವೆಯಾದ ಹೊಸತರಲ್ಲೂ ನಾನು ಇಷ್ಟು ಬೇಡಿಕೊಂಡವನಲ್ಲ ಎಂದು ನನ್ನವಳು ಅಲ್ಲೇ ದಾಖಲಿಸಿದಳು.) ಬೆಕ್ಕು ಗೋಡೆಯ ಕಡೆ ತಿರುಗಿಕೊಂಡಿತು.

"ಏಳ್ರೀ ಮೇಲೆ. ಅತ್ತೆ ಹೀಗೆಲ್ಲ ಮುದ್ದು ಮಾಡ್ತಿರ್ಲಿಲ್ಲ. ಬೈದು ತಿನ್ನಿಸ್ತಿದ್ರು."

ಅವಳು ಅಮ್ಮನ ಮಣೆಯನ್ನು ಹಿತ್ತಿಲ ಬಾಗಿಲಿಗೆ ಎಳೆದು ಕುಳಿತು, ಬೆಕ್ಕನ್ನು ಮಡಿಲಿಗೆ ಎತ್ತಿಕೊಂಡು, ಅನ್ನವನ್ನು ಬೆರಳಲ್ಲಿ ಮಿದ್ದು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

"ಏನೋ ಗುಂಡುಮರಿ, ಮೂತಿ ಯಾಕೋ ಆ ಕಡೆ? ಅರಮನೆಯಿಂದ ಅಡುಗೆ ಬರುತ್ತೆ ಅಂದ್ಕೊಂಡ್ಯಾ? ತಿನ್ನೋಕೇ ಮೈಗಳ್ಳತನ ಮಾಡೋನು ನಾಳೆ ಏನು ಕೆಲಸ ಮಾಡ್ತೀಯೋ? ಬಾಯಿ ತೆಗಿ!"

ಅಮ್ಮನದೇ ಧಾಟಿ. ಬೆಕ್ಕಿನ ಕಿವಿ ನಿಮಿರಿತು. ತಿರುಗಿ ನೋಡಿತು. ಬೆರಳು ನೆಕ್ಕಿತು. ಆಮೇಲೆ ತುತ್ತು ತಿಂದಿತು.

ನಾನು ನೆಲದಿಂದ ಎದ್ದು ಅವಳ ಹತ್ತಿರ ಬಂದೆ. "ಅದು... ಅದು ನನ್ನ ಹೆಸರು ಕಣೇ. ಚಿಕ್ಕೋನಿದ್ದಾಗ ಅಮ್ಮ ನನ್ನನ್ನ ಹಾಗೆ ಕರೀತಿದ್ಳು. ಬೈಗುಳವೂ ನಂದೇ."

"ಗೊತ್ತು. ಮೀಸೆ ಬಂದ್ಮೇಲೆ ಗಿರಾಕಿಗಳ ಮುಂದೆ ಹಾಗೆ ಕರೀಬೇಡ ಅಂತ ರೇಗಿದ್ರಂತಲ್ಲ ನೀವು? ಚೆನ್ನಾಗಿರೋ ಹೆಸರು, ಎಸೆಯೋದು ಯಾಕೆ ಅಂತ ಅತ್ತೆ ಅದನ್ನ ಬೆಕ್ಕಿಗೆ ಇಟ್ರು. ನಿಮ್ಮ ಮಿಷನ್ ಸದ್ದು ಶುರುವಾದ್ಮೇಲೇ ಕರೀತಿದ್ರು, ನಿಮ್ಮ ಕಿವಿಗೆ ಬೀಳದ ಹಾಗೆ."

ಆ ಮಿಷನ್ನನ್ನು ನಾನು ಎಷ್ಟು ವರ್ಷ ತುಳಿದೆನಲ್ಲ! ನಡುವೆ ಒಂದು ಸಲ ಕಾಲೆತ್ತಿದ್ದರೆ ಸಾಕಿತ್ತು, ಕೇಳಿಸುತ್ತಿತ್ತು. ಕಣ್ಣಿಗೆ ದಾರದ ಎಳೆ ಬಿತ್ತೆಂದು ಹೇಳಿ ಒಳಗೆ ಹೋದೆ. ಅವಳೂ ನಂಬಿದಂತೆ ಮಾಡಿದಳು.

ಬೆಕ್ಕು ಚೇತರಿಸಿಕೊಂಡಿತು. ಪಥ್ಯ ಮುಂದುವರಿಯಿತು. ಮೊನ್ನೆ ಗಣಿತದ ಮೇಷ್ಟ್ರು ಹೊಸ ಬಿಳಿ ಬಟ್ಟೆಯೊಡನೆ ಬಂದಿದ್ದರು. ಅವರ ಸೊಂಟದ ಅಳತೆ ತೆಗೆಯುತ್ತಿದ್ದೆ. ಒಳಗಿನಿಂದ ಕೂಗು ಬಂತು.

"ಗುಂಡುಮರೀ, ಊಟಕ್ಕೆ ಬಾರೋ!"

ಟೇಪನ್ನು ಮೇಷ್ಟ್ರ ಸೊಂಟದಲ್ಲೇ ಬಿಟ್ಟು "ಬಂದೆ!" ಎಂದು ಓಡಿದೆ. ನನ್ನ ಹಿಂದೆ ಬೆಕ್ಕು.

ನನ್ನವಳು ತಟ್ಟೆ ಹಿಡಿದು ನಿಂತಿದ್ದಳು. "ರೀ, ಕರೆದಿದ್ದು ನಿಮ್ಮನ್ನಲ್ಲ, ಬೆಕ್ಕನ್ನ!"

ಹೊರಗೆ ಮೇಷ್ಟ್ರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು.

"ಬಂದಾಗಿದೆ. ನನಗೂ ಬಡಿಸು" ಎಂದು ಬೆಕ್ಕಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತೆ.

ಬಡಿಸಿದಳು. ಉಪ್ಪಿಲ್ಲದ ಅನ್ನವನ್ನೇ.