ಕೋದಂಡರಾಮಯ್ಯನವರ ಆಂಟೆನಾ

ಕೋದಂಡರಾಮಯ್ಯನವರು ಕೇಬಲ್ಲಿನವನ ಜೊತೆ ಜಗಳ ಆಡದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಗಾಳೀಲಿ ಪುಕ್ಕಟೆ ಬರೋದಕ್ಕೆ ನಿನಗ್ಯಾಕಯ್ಯಾ ದುಡ್ಡು ಕೊಡ್ಲಿ?" ಎಂದು ಒಂದು ಮಾತು ಅಂದರು. ಅವನು ವೈರು ಕತ್ತರಿಸಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗಿಯೇಬಿಟ್ಟ. ಮಾರನೇ ದಿನವೇ ಇವರು ಬೆಂಗಳೂರಿಗೆ ಹೋಗಿ ಆಂಟೆನಾಕ್ಕೆ ಜೋಡಿಸುವ ಡಿಜಿಟಲ್ ಡಬ್ಬಿ ಒಂದನ್ನು ತಂದರು. ಅಂಗಡಿಯವನು ಪಾಪ, "ಸಾರ್, ನಿಮ್ಮೂರ ಹತ್ರಾನೇ ಮರುಪ್ರಸಾರದ ಟವರ್ ಇದೆ, ಆಂಟೆನಾನ ನೀವು..." ಎಂದು ಏನೋ ಹೇಳಲು ಹೊರಟಿದ್ದ. "ಆಂಟೆನಾ ವಿಷಯ ನನಗೆ ಹೇಳ್ಕೊಡ್ತೀಯಾ? ನಿಮ್ಮಪ್ಪ ಟಿ.ವಿ. ಕಾಣೋಕ್ ಮುಂಚೆ ನಮ್ಮನೆ ಮೇಲೆ ಆಂಟೆನಾ ಇತ್ತು" ಎಂದು ಅವನ ಬಾಯಿ ಮುಚ್ಚಿಸಿ, ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ ಹತ್ತಿದರು.

ಆ ಮಾತು ಸುಳ್ಳೇನೂ ಅಲ್ಲ. ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಗೆ ಮೊಟ್ಟಮೊದಲು ಟಿ.ವಿ. ಬಂದದ್ದು ಅವರ ಮನೆಗೇ. ಆಗ ಮಾಳಿಗೆಯ ಮೇಲೆ ಇಪ್ಪತ್ತಡಿ ಕೊಳವೆ ನೆಟ್ಟು, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ, ಅದರ ಮೂತಿಯನ್ನು ಬೆಂಗಳೂರಿನ ಕಡೆಗೆ ತಿರುಗಿಸಿದ್ದರು. ಭಾನುವಾರ ಬಂದರೆ ಅರ್ಧ ಬೀದಿ ಅವರ ನಡುಮನೆಯಲ್ಲಿ. ಆಮೇಲೆ ಮನೆಮನೆಗೂ ಟಿ.ವಿ. ಬಂತು, ಕೇಬಲ್ ಬಂತು, ಡಿಶ್ಶಿನ ಛತ್ರಿ ಬಂತು. ಕೋದಂಡರಾಮಯ್ಯನವರು ಮಾತ್ರ ಕೊಳವೆ ಕೀಳಲಿಲ್ಲ. ಆಯುಧಪೂಜೆಯ ದಿನ ಮಗ್ಗಗಳಿಗೆ ಕುಂಕುಮ ಹಚ್ಚಿದ ಕೈಯಲ್ಲೇ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದರು.

ಈಗ ಆ ಆಂಟೆನಾದ ಮಾನ ಉಳಿಯುವ ದಿನ ಬಂದಿತ್ತು. ಆ ಶನಿವಾರ ಸಂಜೆ ನಾಲ್ಕು ಗಂಟೆಗೆ ಟಿ.ವಿ.ಯಲ್ಲಿ ಕೋದಂಡರಾಮಯ್ಯನವರೇ ಬರುವವರಿದ್ದರು.

ಅದಕ್ಕೆ ಕಾರಣ ಅವರ ಮಗ್ಗದಲ್ಲಿ ನೇಯ್ದ ಒಂದು ಸೀರೆ. ಅಂಚಿನುದ್ದಕ್ಕೂ ಸಾಲುಗುಡ್ಡ, ಒಂದೊಂದು ಗುಡ್ಡದ ನೆತ್ತಿಗೂ ಒಂದೊಂದು ಕೆಂಪು ಚುಕ್ಕಿ. 'ಗುಡ್ಡದಂಚು' ಎಂದು ಅದಕ್ಕೆ ಹೆಸರೇ ಬಿದ್ದು, ಮದುವೆ ಮನೆಗಳಲ್ಲಿ ಹೆಂಗಸರು ಸೆರಗು ಹಿಡಿದು ನೋಡುವಂತಾಗಿತ್ತು. ಬೀದಿಗೇ ಅದೊಂದು ಹೆಮ್ಮೆ. ಅಂಚನ್ನು ಬರೆದವರು ಅವರ ಹೆಂಡತಿ ವರಲಕ್ಷ್ಮಮ್ಮ. ಮೊದಲು ಬಾಗಿಲ ಮುಂದೆ ರಂಗೋಲಿಯಲ್ಲಿ ಹಾಕಿ, ಆಮೇಲೆ ಚೌಕಳಿ ಕಾಗದದ ಮೇಲೆ ಇಳಿಸಿ ಕೊಟ್ಟಿದ್ದರು. ಟಿ.ವಿ.ಯವರು ಬಂದ ದಿನ ಆಕೆ ತಂಗಿಯ ಮಗಳ ಸೀಮಂತಕ್ಕೆಂದು ದೇವನಹಳ್ಳಿಗೆ ಹೋಗಿದ್ದರು. ವಾಪಸ್ಸು ಬಂದವರೇ ಗಂಡನನ್ನು ಕೇಳಿದ ಮೊದಲ ಪ್ರಶ್ನೆ, "ರೀ, ನನ್ನ ಹೆಸರು ಹೇಳಿದ್ರಾ?"

"ಹೇಳ್ದೇ ಇರ್ತೀನಾ!" ಎಂದಿದ್ದರು ಕೋದಂಡರಾಮಯ್ಯ.

ಕ್ಯಾಮರಾದ ಮುಂದೆ ಏನು ಹೇಳಿದೆ ಎನ್ನುವುದು ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಆದರೆ ಮೂರು ವಾರದಿಂದ ಕೇಳಿದವರಿಗೆಲ್ಲ "ಹೇಳಿದೀನಿ, ಹೇಳಿದೀನಿ" ಎಂದು ಹೇಳಿ ಹೇಳಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು. ವರಲಕ್ಷ್ಮಮ್ಮ ಗುಡ್ಡದಂಚಿನ ಸೀರೆಯನ್ನೇ ಉಟ್ಟು, ಬೀದಿಯ ಹೆಂಗಸರನ್ನೆಲ್ಲ ಕರೆದು, ಒಂದು ಡಬರಿ ತುಂಬ ಕೋಸಂಬರಿ ಮಾಡಿಟ್ಟಿದ್ದರು. ಇಪ್ಪತ್ತೈದು ವರ್ಷದಿಂದ ಅಂಚು ಬರೆದ ಕೈಗೆ ಹೆಸರು ಅಂತ ಸಿಗುವುದಿದ್ದರೆ ಅದು ಇವತ್ತೇ.

ಊಟ ಮುಗಿಸಿ ಡಬ್ಬಿ ಜೋಡಿಸಿದರೆ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಎರಡೇ ಪದ.

ಕೋದಂಡರಾಮಯ್ಯ ಪಂಚೆ ಎತ್ತಿ ಕಟ್ಟಿ ಮಾಳಿಗೆ ಹತ್ತಿದರು. ಹಿಂದೆಯೇ ಪಕ್ಕದ ಮನೆಯ ಮುನಿರಾಮಯ್ಯ ಸ್ಪ್ಯಾನರ್ ಹಿಡಿದು ಬಂದರು. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಏನೇ ಕೆಟ್ಟರೂ ಅವರ ಕೈ ಅದರೊಳಗೆ ಇರಲೇಬೇಕು.

"ಕೋದಂಡಾ, ಸುಮ್ನೆ ಯಾಕೋ ಒದ್ದಾಡ್ತೀಯ? ನಮ್ಮನೇಲಿ ಕೇಬಲ್ ಇದೆ, ಎಲ್ಲರೂ ಅಲ್ಲೇ ಕೂತು ನೋಡೋಣ."

"ನನ್ನ ಮುಖಾನ ನಾನು ನಿನ್ನ ಮನೆಗೆ ಬಂದು ನೋಡ್ಬೇಕಾ? ಸಾಧ್ಯವೇ ಇಲ್ಲ ಕಣೋ."

"ಸರಿ ಗುರು. ನಾಲ್ಕು ಗಂಟೆವರೆಗೂ ಟೈಮು. ಬರ್ಲಿಲ್ಲ ಅಂದ್ರೆ ಕೋಸಂಬರಿ ಸಮೇತ ಎಲ್ಲರೂ ನಮ್ಮನೆಗೆ."

ಹಳೆಯ ಟಿ.ವಿ.ಯಾದರೆ ಆಂಟೆನಾ ತಿರುಗಿಸಿದ ಹಾಗೆಲ್ಲ ಚಿತ್ರ ಸ್ವಲ್ಪಸ್ವಲ್ಪವೇ ಮೂಡುತ್ತಿತ್ತು. ಈ ಡಿಜಿಟಲ್ ಬೇರೆ ಜಾತಿ. ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಅದೂ ಸಿಗ್ನಲ್ ಸಿಕ್ಕಮೇಲೆ ಐದಾರು ಸೆಕೆಂಡು ಯೋಚನೆ ಮಾಡಿ, ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಬರುವ ಹಾಗೆ ನಿಧಾನವಾಗಿ ಬರುತ್ತದೆ. ಕೋದಂಡರಾಮಯ್ಯನವರಿಗೆ ಇದು ಗೊತ್ತಿರಲಿಲ್ಲ. ಸಾಲದ್ದಕ್ಕೆ ಬೀದಿ ತುಂಬ ಮಗ್ಗಗಳ ಖಟಾಖಟ್ ಸದ್ದು. ಟಿ.ವಿ. ಮುಂದೆ ವರಲಕ್ಷ್ಮಮ್ಮ ಕೂಗಿದ್ದನ್ನು ಮೆಟ್ಟಿಲ ಮೇಲೆ ನಿಂತ ಅಶೋಕ್ ಕೇಳಿಸಿಕೊಂಡು ಮೇಲಕ್ಕೆ ಕೂಗಬೇಕು. ಅಶೋಕ್ ಕೋದಂಡರಾಮಯ್ಯನವರ ಮಗ್ಗ ಓಡಿಸುವವನು, ಗಂಟಲಿಗೇನೂ ಕೊರತೆ ಇರಲಿಲ್ಲ.

"ಬಂತಾ?"

"ಇಲ್ವಂತೆ!"

"ಈಗ?"

"ಇಲ್ವಂತೆ ಯಜಮಾನ್ರೇ!"

ಮುನಿರಾಮಯ್ಯ ಬೋಲ್ಟು ಸಡಿಲ ಮಾಡಿದ್ದೇ ತಡ, ಕೊಳವೆ ಗಿರ್ರನೆ ಅರ್ಧ ಸುತ್ತು ತಿರುಗಿ, ಬೆಂಗಳೂರಿಗೆ ಬೆನ್ನು ಹಾಕಿ ನಿಂತುಬಿಟ್ಟಿತು. "ಅಯ್ಯೋ, ತಿರುಗ್ಸೋ ತಿರುಗ್ಸೋ!" ಎಂದು ಇಬ್ಬರೂ ತೆಕ್ಕೆಗೆ ಹಾಕಿಕೊಂಡು ಅದನ್ನು ಮತ್ತೆ ಬೆಂಗಳೂರಿನ ಕಡೆಗೆ ತಂದರು. ತಂದು ಏದುಸಿರು ಬಿಡುವಷ್ಟರಲ್ಲಿ ಕೆಳಗಿನಿಂದ ಅಶೋಕ್ ಕೂಗಿದ, "ಬಂತಂತೆ! ಬಂತಂತೆ!"

"ನೋಡ್ದಾ? ಬೆಂಗಳೂರು! ನಾನು ಹೇಳಿರ್ಲಿಲ್ವಾ?" ಎಂದು ಕೋದಂಡರಾಮಯ್ಯ ಮೀಸೆ ತಿರುವಿದರು.

"ಹೋಯ್ತಂತೆ!" ಎಂದ ಅಶೋಕ್.

ಅಲ್ಲಿಂದ ಮುಂದಿನ ಒಂದು ಗಂಟೆ ಇಬ್ಬರೂ ಬೆಂಗಳೂರಿನ ಸುತ್ತಲೇ ಹುಡುಕಿದರು. ಯಲಹಂಕದ ಕಡೆ ಒಂಚೂರು, ಹೆಸರಘಟ್ಟದ ಕಡೆ ಒಂಚೂರು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ನರಸಮ್ಮ ಮೆಟ್ಟಿಲ ಬುಡಕ್ಕೆ ಬಂದು, "ಯಜಮಾನ್ರೇ, ನಮ್ಮನೆಯೋರು ಕಾವಲಿದಾರಲ್ಲ, ಆ ಗುಡ್ಡದ ಮೇಲೆ..." ಎಂದಳು.

"ನರಸಮ್ಮಾ, ಇದು ಟೆಕ್ನಿಕಲ್ ವಿಷಯ. ನೀನು ಹೋಗಿ ಕಂಡಿಕೆ ಸುತ್ತಮ್ಮ" ಎಂದರು ಮುನಿರಾಮಯ್ಯ. ಕೋದಂಡರಾಮಯ್ಯನವರೂ ಹೌದೆಂದು ತಲೆಯಾಡಿಸಿದರು. ಇಬ್ಬರು ಗಂಡಸರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಆ ದಿನ ಅದೊಂದೇ ಸಲ. ನರಸಮ್ಮ ಮುಖ ಸಿಂಡರಿಸಿಕೊಂಡು ಒಳಗೆ ಹೋಗಿ ವರಲಕ್ಷ್ಮಮ್ಮನ ಪಕ್ಕ ಕುಳಿತಳು.

ಮೂರೂವರೆ ಆಯಿತು. ಆಗ ಕೋದಂಡರಾಮಯ್ಯನವರಿಗೆ ಹಳೆಯದೊಂದು ನೆನಪಾಯಿತು. ಆ ಕಾಲದಲ್ಲಿ ಮಗ್ಗದ ಮೋಟಾರು ತಿರುಗಿದರೆ ಟಿ.ವಿ.ಯಲ್ಲಿ ಗೆರೆ ಬರುತ್ತಿತ್ತು. "ಸಿಕ್ತು! ತಪ್ಪು ಆಂಟೆನಾದ್ದಲ್ಲ, ಮಗ್ಗದ್ದು" ಎನ್ನುತ್ತ ಧಡಧಡ ಇಳಿದರು. ಮನೆಮನೆಗೂ ಹೋಗಿ ಕೈ ಮುಗಿದರು. "ಅರ್ಧ ಗಂಟೆ ಮಗ್ಗ ನಿಲ್ಸಿ. ನಮ್ಮ ಬೀದಿ ಮರ್ಯಾದೆ ಪ್ರಶ್ನೆ." ಬೀದಿಯ ಮರ್ಯಾದೆ ಎಂದ ಮೇಲೆ ಇಲ್ಲ ಎನ್ನುವವರು ಯಾರು? ಮೊದಲು ಅವರ ನಾಲ್ಕು ಮಗ್ಗ ನಿಂತವು, ಆಮೇಲೆ ಎದುರು ಮನೆಯದು, ಆಮೇಲೆ ಒಂದೊಂದಾಗಿ ಎಲ್ಲವೂ. ಬೀದಿ ಮೌನವಾಯಿತು. ಎಂದೂ ಕೇಳದ ಗುಬ್ಬಚ್ಚಿಯ ಸದ್ದು ಕೇಳಿಸಿತು.

ಇಲ್ಲೇ ಒಂದು ಎಡವಟ್ಟಾಯಿತು. ಆ ಬೀದಿಯ ಮಗ್ಗಗಳು ಒಟ್ಟಿಗೆ ನಿಲ್ಲುವುದು ಮೂರೇ ಕಾರಣಕ್ಕೆ. ಕರೆಂಟು ಹೋಗಬೇಕು, ಹಬ್ಬ ಬರಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಹಿಂದಿನ ಬೀದಿಯವರು ನೋಡಿದರು, ಕರೆಂಟು ಇದೆ. ಕ್ಯಾಲೆಂಡರ್ ನೋಡಿದರು, ಹಬ್ಬ ಇಲ್ಲ. ಹತ್ತೇ ನಿಮಿಷದಲ್ಲಿ ಇಪ್ಪತ್ತು ಜನ ಮುಖ ಸಣ್ಣಗೆ ಮಾಡಿಕೊಂಡು ಕೋದಂಡರಾಮಯ್ಯನವರ ಬಾಗಿಲಿಗೆ ಬಂದರು. ಎಲ್ಲರಿಗಿಂತ ಮುಂದೆ ಆ ಬೀದಿಯ ನೇಕಾರ ಶ್ರೀಧರ್, ಕೈಯಲ್ಲಿ ದೊಡ್ಡದೊಂದು ಸೇವಂತಿಗೆ ಹಾರ. ಬಾಗಿಲಲ್ಲಿ ನಿಂತಿದ್ದ ಕೋದಂಡರಾಮಯ್ಯನವರನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲಾ... ನಿಮ್ಮ ಮಗ್ಗವೇ ಮೊದಲು ನಿಲ್ತು ಅಂದ್ರು. ಅದಕ್ಕೆ ನಾನು ನೀವೇ ಅನ್ಕೊಂಡು..."

"ನಾನೇನೂ ಹೋಗಿಲ್ಲ ಕಣಯ್ಯಾ! ಟಿ.ವಿ.ಲಿ ಬರ್ತಿದೀನಿ!"

ಬಂದವರು ವಾಪಸ್ಸು ಹೋಗಲಿಲ್ಲ. ಸಾವಿಗೆಂದು ಬಂದ ಕಾಲು ಕೋಸಂಬರಿಯ ವಾಸನೆಗೆ ನಿಂತುಬಿಟ್ಟಿತು. ನಡುಮನೆ ತುಂಬಿ, ಜಗಲಿ ತುಂಬಿ, ಕಿಟಕಿಯಲ್ಲೂ ತಲೆಗಳು. ಕೋದಂಡರಾಮಯ್ಯ ಮತ್ತೆ ಮಾಳಿಗೆಗೆ ಓಡಿದರು. ಕೊಳವೆಯನ್ನು ಬೆಂಗಳೂರಿನತ್ತ ನೆಟ್ಟಗೆ ನಿಲ್ಲಿಸಿ, "ಸ್ವಾಮೀ, ಮಾನ ಕಾಪಾಡು" ಎಂದು ಅದಕ್ಕೊಂದು ಗುದ್ದು ಕೊಟ್ಟರು.

"ಬಂತು ಯಜಮಾನ್ರೇ! ಕನ್ನಡಿ ಇದ್ದಂಗೆ ಬಂತು!" ಎಂದ ಅಶೋಕ್.

ಅವರು ಇಳಿದು ಬಂದದ್ದನ್ನು ನೋಡಬೇಕಿತ್ತು. ಮದುವೆಯ ದಿನವೂ ಹಾಗೆ ಎದೆ ಸೆಟೆಸಿ ನಡೆದವರಲ್ಲ. ಜನ ದಾರಿ ಬಿಟ್ಟರು. ವರಲಕ್ಷ್ಮಮ್ಮ ಅಡುಗೆಮನೆಯಿಂದ ಬಂದು, ಬೆರಳಿಗೆ ಅಂಟಿದ್ದ ಕಪ್ಪು ಟೇಪಿನ ಚೂರನ್ನು ಕಿತ್ತೆಸೆದು, ಮುಂದಿನ ಸಾಲಿನಲ್ಲಿ ಕುಳಿತರು. ಪರದೆಯ ಮೇಲೆ ಒಂದು ಗೆರೆ ಇಲ್ಲ, ಚುಕ್ಕಿ ಇಲ್ಲ. "ಕೇಬಲ್ಲಲ್ಲಿ ಇಷ್ಟು ಚೆನ್ನಾಗಿ ಬರಲ್ಲ" ಎಂದು ಮುನಿರಾಮಯ್ಯನವರೇ ಒಪ್ಪಿಕೊಂಡರು.

ನಾಲ್ಕು ಗಂಟೆ. ಬೀದಿ ಕಂಡಿತು, ಮಗ್ಗ ಕಂಡಿತು, ಸೀರೆ ಕಂಡಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಕೋದಂಡರಾಮಯ್ಯ ಕಂಡರು. ನಿರೂಪಕಿ ಕೇಳಿದಳು, "ಇಷ್ಟು ಚಂದದ ಅಂಚು ಯಾರ ಕಲ್ಪನೆ ಸಾರ್?"

ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. ಪಕ್ಕದವರು ಅವರ ತೊಡೆಗೆ ತಟ್ಟಿದರು.

ಟಿ.ವಿ.ಯ ಕೋದಂಡರಾಮಯ್ಯ ಗಂಟಲು ಸರಿಮಾಡಿಕೊಂಡು ಹೇಳಿದರು: "ಎಲ್ಲಾ ಈ ತಲೆಯಿಂದಲೇ ಬಂದದ್ದು ಮೇಡಂ. ಬೆಳಗಿನ ಜಾವ ಮಾಳಿಗೆ ಮೇಲೆ ನಿಂತು ಯೋಚನೆ ಮಾಡ್ತೀನಿ. ಈ ಕೆಂಪು ಚುಕ್ಕಿ ಇದೆಯಲ್ಲ, ಇದು ಉದಯಿಸೋ ಸೂರ್ಯ."

"ನಿಮ್ಮ ಶ್ರೀಮತಿಯವರೂ ಸಹಾಯ ಮಾಡ್ತಾರಾ?"

"ಅವಳಿಗೆ ಇದೆಲ್ಲಾ ಏನು ಗೊತ್ತಾಗುತ್ತೆ ಮೇಡಂ? ಅಡುಗೆಮನೆ ಕಿಟಕಿ ಬಿಟ್ಟು ಆಚೆ ಪ್ರಪಂಚ ನೋಡಿದೋಳೇ ಅಲ್ಲ."

ಮಗ್ಗ ನಿಂತ ಬೀದಿಯಲ್ಲಿ ಆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಐವತ್ತು ಜೋಡಿ ಕಣ್ಣುಗಳು ಟಿ.ವಿ. ಬಿಟ್ಟು ಕುರ್ಚಿಯ ಮೇಲಿದ್ದ ಅಸಲಿ ಕೋದಂಡರಾಮಯ್ಯನವರ ಕಡೆಗೆ ತಿರುಗಿದವು. ವರಲಕ್ಷ್ಮಮ್ಮ ಮಾತ್ರ ತಿರುಗಲಿಲ್ಲ. ಅವರ ಬೆನ್ನು ನೋಡಿಯೇ ಗಂಡನಿಗೆ ಬೆವರು ಕಿತ್ತುಬಂತು.

"ಸಿಗ್ನಲ್... ಸಿಗ್ನಲ್ ಒಂಚೂರು ನೋಡ್ಕೊಂಡ್ ಬಂದ್ಬಿಡ್ತೀನಿ" ಎಂದು ಎದ್ದು ಮಾಳಿಗೆಗೆ ಹಾರಿದರು. ಇಡೀ ದಿನ ಯಾವುದಕ್ಕಾಗಿ ಬೇಡಿದ್ದರೋ ಅದನ್ನೇ ಈಗ ಕೊಲ್ಲಬೇಕಿತ್ತು. ಕೊಳವೆಯನ್ನು ತಿರುಗಿಸಿದರು, ಅಲ್ಲಾಡಿಸಿದರು. ಕೆಳಗೆ ಅವರದೇ ದನಿ ಮಾತಾಡುತ್ತಲೇ ಇತ್ತು. ಕಡೆಗೆ ಬೋಲ್ಟು ಬಿಚ್ಚಿ, ಕೊಳವೆ ಕೆಡವಿ, ವೈರು ಹರಿದು, ಆಂಟೆನಾವನ್ನು ಬಗಲಿಗೆ ಸಿಕ್ಕಿಸಿಕೊಂಡು, ಸದ್ಯ ಮುಗಿಯಿತು ಎಂದು ಮೆಟ್ಟಿಲು ಇಳಿದರು.

ಟಿ.ವಿ.ಯಲ್ಲಿ ಅವರು ಇನ್ನೂ ಸೂರ್ಯನ ಬಗ್ಗೆ ಹೇಳುತ್ತಿದ್ದರು.

"ಅಲ್ಲಾ ಕಣೋ ಕೋದಂಡಾ," ಎಂದರು ಮುನಿರಾಮಯ್ಯ ಬೆರಗಾಗಿ, "ಆಂಟೆನಾ ನಿನ್ನ ಕಂಕುಳಲ್ಲಿದೆ, ನೀನು ಅಲ್ಲಿ ಮಾತಾಡ್ತಾನೇ ಇದೀಯಲ್ಲೋ! ಏನೋ ಇದು?"

ವರಲಕ್ಷ್ಮಮ್ಮ ನಿಧಾನವಾಗಿ ಎದ್ದರು. ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತರು. ಬೆಕ್ಕು ಬಾರದಿರಲಿ ಎಂದು ಅಲ್ಲಿ ಮಗ್ಗದ ಹಳೆಯ ಹಣಿಗೆಯೊಂದನ್ನು ಅಡ್ಡ ಕಟ್ಟಿದ್ದರು. ಬಾಚಣಿಗೆಯ ಹಾಗೆ ಉಕ್ಕಿನ ಹಲ್ಲುಗಳಿರುವ ಉದ್ದ ಪಟ್ಟಿ ಅದು. ಟಿ.ವಿ.ಯ ವೈರು ಅದೇ ಕಿಟಕಿಯ ಪಕ್ಕ ಹಾದು ಮಾಳಿಗೆಗೆ ಹೋಗುತ್ತಿತ್ತು. ಈಗ ಅಲ್ಲೇ ಕತ್ತರಿಸಿ, ಕಪ್ಪು ಟೇಪಿನಲ್ಲಿ ಹಣಿಗೆಗೆ ಸುತ್ತಲಾಗಿತ್ತು.

"ನೀವು ಮಗ್ಗ ನಿಲ್ಸೋಕೆ ಹೋಗಿದ್ರಲ್ಲ, ಆಗ ನಾನೂ ನರಸಮ್ಮನೂ ಸೇರಿ ಕಟ್ಟೋಕೆ ಶುರು ಮಾಡಿದ್ವಿ. ನೀವು ಮತ್ತೆ ಮಾಳಿಗೆ ಹತ್ತೋ ಹೊತ್ತಿಗೆ ಮುಗೀತು" ಎಂದರು. ಆಮೇಲೆ ಕಿಟಕಿಯಾಚೆ ಕೈ ತೋರಿಸಿದರು. ಮಾಕಳಿದುರ್ಗದ ದಿಕ್ಕಿಗೆ ಸಾಲುಗುಡ್ಡ. ಹತ್ತಿರದ ಗುಡ್ಡದ ನೆತ್ತಿಯ ಮೇಲೆ ಒಂದು ಪುಟ್ಟ ಟವರು, ಅದರ ತುದಿಯಲ್ಲೊಂದು ಕೆಂಪು ದೀಪ.

"ನರಸಮ್ಮನ ಗಂಡ ಕಾವಲಿರೋದು ಅದಕ್ಕೇ. ಟಿ.ವಿ. ಬರೋದೂ ಅಲ್ಲಿಂದಲೇ. ದಿನಾ ಸಾಯಂಕಾಲ ಒಲೆ ಮುಂದೆ ನಿಂತು ಆ ದೀಪ ನೋಡಿ ನೋಡಿ ಅಂಚು ಬರೆದೆ. ಆ ಕೆಂಪು ಚುಕ್ಕಿ ಏನೇ ಅಂತ ಒಂದಿನ ನನ್ನ ಕೇಳಿದ್ದಿದ್ರೆ, ಆಂಟೆನಾ ಯಾವ ಕಡೆ ತಿರುಗಿಸ್ಬೇಕು ಅಂತ ನಿಮಗೇ ಗೊತ್ತಾಗ್ತಿತ್ತು."

ಮೊದಲು ನರಸಮ್ಮ ನಕ್ಕಳು, ಆಮೇಲೆ ಇಡೀ ಮನೆ. ಹೆಂಗಸರು ವರಲಕ್ಷ್ಮಮ್ಮನ ಸೆರಗು ಹಿಡಿದು, ಗುಡ್ಡಕ್ಕೂ ಅಂಚಿಗೂ ತಾಳೆ ನೋಡತೊಡಗಿದರು. ಕೋದಂಡರಾಮಯ್ಯನವರು ಆಂಟೆನಾವನ್ನು ನೆಲಕ್ಕೆ ಬಿಟ್ಟು ತಲೆ ತಗ್ಗಿಸಿ ನಿಂತಿದ್ದರು. ಅವಮಾನವೇನೋ ಆಗಿತ್ತು. ಆದರೆ ಮೂವತ್ತೆಂಟು ವರ್ಷ ಜೊತೆಗೆ ಬಾಳಿದವಳು ಅಷ್ಟು ಜನರ ನಡುವೆ ತಲೆಯೆತ್ತಿ ನಿಂತದ್ದು ಕಂಡು, ಬೇಡ ಬೇಡವೆಂದರೂ ಎದೆ ಉಬ್ಬಿಬಂತು.

"ಅಂಚು ಇವಳದೇ," ಎಂದರು ಎಲ್ಲರಿಗೂ ಕೇಳುವಂತೆ. "ಆಂಟೆನಾನೂ ಇವಳದೇ."

ಅಷ್ಟರಲ್ಲಿ ಟಿ.ವಿ.ಯಲ್ಲಿ ನಿರೂಪಕಿ ಕೈ ಮುಗಿದು ಹೇಳಿದಳು, "ಈ ಕಾರ್ಯಕ್ರಮವನ್ನು ನಾಳೆ ಬೆಳಗ್ಗೆ ಹತ್ತು ಗಂಟೆಗೆ ಮತ್ತೊಮ್ಮೆ ನೋಡಬಹುದು."

"ಒಳ್ಳೇದಾಯ್ತು. ದೇವನಹಳ್ಳಿಯವರನ್ನೂ ಕರೀತೀನಿ" ಎಂದರು ವರಲಕ್ಷ್ಮಮ್ಮ. "ನೀವು ಮುಂದಿನ ಸಾಲಲ್ಲೇ ಕೂತ್ಕೋಬೇಕು. ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ."

ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅಷ್ಟು ಹೊತ್ತೂ ಹಿಡಿದೇ ನಿಂತಿದ್ದ ಶ್ರೀಧರ್, ಅದನ್ನು ನೆಲದ ಮೇಲೆ ಬಿದ್ದಿದ್ದ ಹಳೆಯ ಆಂಟೆನಾದ ಮೇಲೆ ಭಕ್ತಿಯಿಂದ ಹೊದಿಸಿದ. ಆಮೇಲೆ ಕೇಳಿದ, "ಅತ್ತಿಗೆ, ನಾಳೆ ಮಗ್ಗ ನಿಂತ್ರೆ ಹಾರ ತರೋದಾ, ಬೇಡ್ವಾ?"

"ತನ್ನಿ" ಎಂದರು ವರಲಕ್ಷ್ಮಮ್ಮ. "ಗುಲಾಬೀದು ತನ್ನಿ. ಗುಡ್ಡದಂಚು ಬರೆದವರಿಗೆ ಹಾಕೋಕೆ."

ಕೋದಂಡರಾಮಯ್ಯನವರು ಅಭ್ಯಾಸಬಲದಿಂದ ಕತ್ತು ಮುಂದೆ ಚಾಚಿದರು.