ತಮ್ಮನ ಸೈರನ್ನು

ನನ್ನ ತಮ್ಮನ ಬೇಕರಿಯಲ್ಲಿ ಅವತ್ತು ಬನ್ನೆಲ್ಲ ಸುಟ್ಟು ಇದ್ದಲಾದದ್ದು ಬಸ್ ಮುಷ್ಕರದಿಂದ. ನಗಬೇಡಿ! ಅವನ ಸೊಸೆಗೆ ನಾನು ಬೇರೆ ಕತೆ ಹೇಳಿದ್ದೇನೆ, ನಿಮಗೆ ನಿಜ ಹೇಳುತ್ತೇನೆ. ನನ್ನ ತಮ್ಮ ಈಗ ಓದುವುದು ಆ ಡಬ್ಬಿಯ ಮೇಲಿನ ಕೆಂಪು ಅಂಕಿಗಳನ್ನು ಮಾತ್ರ, ಹಾಗಾಗಿ ಇದು ಅವನ ಕಣ್ಣಿಗೆ ಬೀಳುವ ಭಯವಿಲ್ಲ.

ಡಬ್ಬಿ ಎಂದರೆ ಟೆಂಪರೇಚರ್ ಕಂಟ್ರೋಲರ್. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಬೇಕರಿ. ಮೊದಲೆಲ್ಲ ಓವನ್ನಿನ ಬಾಗಿಲು ತೆಗೆದು, ಮುಖಕ್ಕೆ ಬಿಸಿ ಬಡಿದರೆ ಸಾಕು, ಟ್ರೇ ಒಳಗೆ ತಳ್ಳುತ್ತಿದ್ದ. ಒಂದು ದಿನ ಹಾಸನದ ಗುಜರಿ ಅಂಗಡಿಯಿಂದ, ಯಾವುದೋ ಮುಚ್ಚಿದ ಕಾರ್ಖಾನೆಯ ಈ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದ. ಸೊಸೆ ಹಣೆ ಚಚ್ಚಿಕೊಂಡಳು. ಬೇಕರಿಯ ಗಲ್ಲಾ ಅವಳದು, ಮಾತೂ ಅವಳದೇ.

"ಮಾವಯ್ಯ, ಇನ್ನೊಂದ್ ದಪ ಮಾಲು ಕರಿಕಾಗ್ಲಿ, ಹಾಸನದಿಂದ ರೆಡಿ ಬನ್ ತರಿಸ್ತೀನಿ. ನೀವು ಮನೇಲಿ ಟೀವಿ ನೋಡ್ಕಂಡ್ ಕೂತ್ಕಳಿ!"

ಟೀವಿ ಎಂದರೆ ನನ್ನ ತಮ್ಮನಿಗೆ ಆಗುವುದಿಲ್ಲ. ಓವನ್ನಿಲ್ಲದ ಮನೆಯೂ ಅಷ್ಟೇ.

ಡಬ್ಬಿಗೆ ಅವನು ಮೂರು ಬುದ್ಧಿ ಕಲಿಸಿದ. ಕಾವು ಇಳಿದರೆ ಕೂಗು, ಕಾವು ಏರಿದರೆ ಕೂಗು, ಇಟ್ಟ ಟೈಮು ಮುಗಿದರೂ ಕೂಗು. ಕಲಿಸಿದ್ದೇನೋ ಸರಿ, ಆದರೆ ಮೊದಲ ದಿನ ಬೆಳಿಗ್ಗೆ ಸ್ವಿಚ್ ಹಾಕುತ್ತಿದ್ದ ಹಾಗೆಯೇ ಅದು ಕಿರುಚಲು ಶುರು ಮಾಡಿತು. ಓವನ್ನು ಇನ್ನೂ ತಣ್ಣಗಿದೆಯಲ್ಲ! ಕಾವು ಇಳಿದಿದೆ, ಕೂಗು ಅಂದಿದ್ದಾನಲ್ಲ! ಓವನ್ನು ಕಾಯುವವರೆಗೂ ಕೂಗಿತು. ಪಕ್ಕದ ಟೀ ಅಂಗಡಿಯವನು ಓಡಿ ಬಂದು, "ಏನ್ ಸಾ, ಆಂಬುಲೆನ್ಸ್ ಮಡಗಿದ್ದೀರಾ?" ಎಂದ.

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆಗೆ ಓದುವುದು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಡಬ್ಬಿಯ ಇಂಗ್ಲಿಷ್ ಪುಸ್ತಕ ಓದಿದ. ಗುಂಡಿಯನ್ನು ಒತ್ತಿ ಹಿಡಿದು ಉಸಿರು ಕಟ್ಟಿಕೊಂಡು ನಿಂತ. ಕೊನೆಗೆ, ಒಮ್ಮೆ ಕಾದ ಮೇಲೆ ಇಳಿದರೆ ಮಾತ್ರ ಕೂಗಬೇಕು ಎಂದು ಅದನ್ನು ಒಪ್ಪಿಸಿದ. ನಮ್ಮಪ್ಪ ನನ್ನನ್ನು ಮದುವೆಗೆ ಒಪ್ಪಿಸಲು ಅಷ್ಟು ಕಷ್ಟಪಟ್ಟಿರಲಿಲ್ಲ.

ಇನ್ನೊಂದು ಸಲ ಅವನಿಗೆ ಜ್ವರ ಬಂತು. ಥರ್ಮಾಮೀಟರ್ ಯಾಕೆ, ಓವನ್ನಿನ ಸೆನ್ಸರ್ ಕಡ್ಡಿ ಇಲ್ಲವೇ? ಕಿತ್ತು ತಂದು ಕಂಕುಳಲ್ಲಿ ಸಿಕ್ಕಿಸಿಕೊಂಡ. ಬನ್ನು ಬೇಯುವ ಕಾವೆಲ್ಲಿ, ಮನುಷ್ಯನ ಮೈಯೆಲ್ಲಿ? ಡಬ್ಬಿ ಬಾಯಿ ಬಡಿದುಕೊಂಡಿತು. ಅದರ ಲೆಕ್ಕದಲ್ಲಿ ನನ್ನ ತಮ್ಮ ಆಗಲೇ ಸತ್ತು ತಣ್ಣಗಾಗಿದ್ದ! ನಾನೂ ಸೊಸೆಯೂ ಓಡಿ ಹೋದರೆ, ನಮ್ಮ ಮುಖ ನೋಡಿ, "ಯಾಕಕ್ಕ? ಏನಾಯ್ತು?" ಅನ್ನುತ್ತಾನೆ.

ಡಬ್ಬಿಯೊಳಗಿನ ಸದ್ದು ಅವನಿಗೆ ಸಾಲಲಿಲ್ಲ. ದೊಡ್ಡ ಬಜರ್ ತಂದ. ಅದೂ ಸಾಲದೆ, ಗುಜರಿ ಅಂಗಡಿಯಿಂದಲೇ ಕಾರ್ಖಾನೆಯ ಸೈರನ್ ತಂದು ಗೋಡೆಗೆ ಹೊಡೆದ. ಬೀದಿ ಬೈಯಿತು. ಆಮೇಲೆ ಅಭ್ಯಾಸವಾಯಿತು. ಸೈರನ್ ಆದರೆ ಬಿಸಿ ಬನ್ನು ಆಚೆ ಬಂತು ಅಂತ ಊರಿಗೇ ಗೊತ್ತಾಯಿತು. ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನೇ ನಿಲ್ಲಿಸಿ, "ಇರ್ರೀ, ಅವಯ್ಯನ ಮಿಷಿನ್ ಕೂಗ್ಲಿ, ಓಗುವಾ" ಅನ್ನುತ್ತಿದ್ದ. ಕೂಗಿದ್ದೇ ತಡ, ಬಸ್ಸಿನಿಂದ ಜನ ಇಳಿದು ಓಡಿ ಬರುತ್ತಿದ್ದರು. ಅವರು ಬೀದಿ ದಾಟುವುದಕ್ಕೂ ನನ್ನ ತಮ್ಮ ಓವನ್ನಿನ ಬಾಗಿಲು ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಎಂಥ ಅಚ್ಚುಕಟ್ಟು ಅಂದುಕೊಂಡಿದ್ದೆ!

ಮುಷ್ಕರದ ದಿನ ಸೊಸೆ ಅರಕಲಗೂಡಿನ ತವರಿನಲ್ಲಿದ್ದಳು. ಹಿಂದಿನ ದಿನವೇ ಬಂದಿದ್ದ ನನ್ನನ್ನು ತಮ್ಮ ಗಲ್ಲಾದಲ್ಲಿ ಕೂರಿಸಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ಟೀ ಅಂಗಡಿಯೂ ಮುಚ್ಚಿತ್ತು. ಟ್ರೇಗಳು ಒಳಗೆ ಹೋದವು. ನನ್ನ ತಮ್ಮ ಓವನ್ನಿಗೆ ಬೆನ್ನು ಹಾಕಿ ಕೂತು ಖಾಲಿ ಟ್ರೇಗಳಿಗೆ ಎಣ್ಣೆ ಸವರತೊಡಗಿದ.

ಸೈರನ್ ಆಯಿತು. ನನ್ನ ತಲೆ ಬಿರಿಯುವ ಹಾಗೆ ಆಯಿತು. ಅವನು ಎಣ್ಣೆ ಸವರುತ್ತಲೇ ಇದ್ದ.

ಮಿಷಿನ್ ವಿಷಯದಲ್ಲಿ ಬಾಯಿ ಹಾಕಬೇಡ ಎಂದು ನನಗೆ ಕಟ್ಟಪ್ಪಣೆಯಾಗಿತ್ತು. "ಕೂಗ್ದೇಟ್ಗೆ ತೆಗ್ಯದಲ್ಲ ಕಣಕ್ಕ, ಅದ್ಕೊಂದು ಲೆಕ್ಕ ಐತೆ" ಎಂದು ಬೆಳಿಗ್ಗೆ ತಾನೇ ಪಾಠ ಮಾಡಿದ್ದ. ಸರಿ, ಲೆಕ್ಕ ಇರಬೇಕು ಎಂದು ಸುಮ್ಮನೆ ಕೂತೆ. ಅವನು ಒಂದು ಟ್ರೇ ಮುಗಿಸುತ್ತಾನೆ, ಕತ್ತೆತ್ತಿ ಬೀದಿ ನೋಡುತ್ತಾನೆ. ಇನ್ನೊಂದು ಮುಗಿಸುತ್ತಾನೆ, ಮತ್ತೆ ಬೀದಿ ನೋಡುತ್ತಾನೆ.

"ಲೋ!" ಎಂದೆ. ತಿರುಗಲಿಲ್ಲ. ಬೆನ್ನ ಹಿಂದಿನಿಂದ ಕರೆದರೆ ಅವನು ಯಾವತ್ತೂ ತಿರುಗುವುದಿಲ್ಲ. ಜಂಬ ಅಂದುಕೊಂಡಿದ್ದೆ.

ಹೊಗೆ ಮೂಗಿಗೆ ಬಡಿದಾಗ ಎದ್ದು ಓಡಿದ. ಬಾಗಿಲು ತೆಗೆದು, ಕಪ್ಪು ಬನ್ನುಗಳನ್ನು ನೋಡಿ, ನನ್ನ ಕಡೆ ತಿರುಗಿ ಹೇಳಿದ:

"ಇವತ್ತು ಯಾರೂ ಬರ್ಲೇ ಇಲ್ವಲ್ಲಕ್ಕ."

ಸೈರನ್ ಇನ್ನೂ ಕೂಗುತ್ತಿತ್ತು. ನಾನೇ ಎದ್ದು ಆರಿಸಿದೆ. ಆರಿಸಿದ್ದೂ ಅವನಿಗೆ ತಿಳಿಯಲಿಲ್ಲ.

ಸಂಜೆ ಯಾರದೋ ಬೈಕಿನಲ್ಲಿ ಬಂದಿಳಿದ ಸೊಸೆ, ವಾಸನೆಗೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಆಯ್ತಲ್ಲ ಮಾವಯ್ಯ, ನಾನೇಳಿದ್ದು! ನಾಳಿಂದ ರೆಡಿ ಬನ್ನೇ!"

ನನ್ನ ತಮ್ಮ ಅವಳ ತುಟಿಗಳನ್ನೇ ನೋಡುತ್ತಿದ್ದ.

"ಅವನ್ನ ಯಾಕವ್ವ ಬೈತೀಯ?" ಎಂದೆ. "ಅವನ್ನ ಎಲಡಿಕೆ ತತ್ತಾ ಅಂತ ಕಳ್ಸಿದ್ದೆ. ಕೂಗಿದ್ರೆ ಓವನ್ ಸ್ವಿಚ್ ಆರ್ಸಕ್ಕ ಅಂತ ಏಳೇ ಓಗಿದ್ದ. ನಂಗೆ ಕಿವಿ ಮಂದ ಆಗೈತೆ ಕಣವ್ವ. ಕೇಳಿಸ್ನಿಲ್ಲ."

"ಅಷ್ಟು ದೊಡ್ಡ ಸೈರನ್ನು ಕೇಳಿಸ್ನಿಲ್ವಾ ದೊಡ್ಡಮ್ಮ?"

"ಆಂ?" ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಂದು ಕಿರುಚಿದಳು. ಆಗ ನಿಜಕ್ಕೂ ಒಂದಿಷ್ಟು ಮಂದವಾಯಿತು! ಮನೆಗೆ ಹೋಗುವವರೆಗೂ ಮುದುಕಿಯರನ್ನು ಗಲ್ಲಾದಲ್ಲಿ ಕೂರಿಸಿದ್ದಕ್ಕೆ ಬೈದಳು. ರೆಡಿ ಬನ್ನಿನ ಮಾತು ಎತ್ತಲಿಲ್ಲ. ನನ್ನ ತಮ್ಮ ನನ್ನನ್ನೇ ನೋಡುತ್ತಾ ನಿಂತಿದ್ದ. ನಾನು ಎಲಡಿಕೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಎಲೆಕ್ಟ್ರಿಕಲ್ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು, ಇದ್ದುದರಲ್ಲಿ ದೊಡ್ಡ ಕೆಂಪು ಬಲ್ಬ್ ಒಂದು, ಹೋಲ್ಡರ್ ಒಂದು ತಂದು ಅವನ ಎದುರಿಗೆ ಹೋಗಿ ನಿಂತೆ.

"ಸೈರನ್ನಿಗೆ ಓಗೋ ವೈರಿಗೇ ಇದನ್ನೂ ಸೇರ್ಸ್ಲಾ. ಅದು ಕೂಗ್ದಾಗ ಇದು ಅತ್ಕಬೇಕು. ನಂಗೆ ಕೇಳಿಸಲ್ವಲ್ಲ, ಕಾಣ್ಲಿ."

ಅವನು ಬಲ್ಬು ನೋಡಿದ, ನನ್ನನ್ನು ನೋಡಿದ. ಸ್ಟೂಲು ತಂದು ಗಲ್ಲಾದ ಎದುರಿನ ಗೋಡೆಗೆ ಇಟ್ಟ.

"ಅಲ್ಲಲ್ಲ ಕಣ್ಲಾ, ಅಲ್ಲಿ" ಎಂದು ಅವನು ಕೂತು ಎಣ್ಣೆ ಸವರುವ ಜಾಗದ ನೇರ ಎದುರಿನ ಗೋಡೆ ತೋರಿಸಿದೆ. ಗಲ್ಲಾದಲ್ಲಿ ಕೂತವರು ಎಷ್ಟು ಬಗ್ಗಿದರೂ ಆ ಗೋಡೆ ಕಾಣುವುದಿಲ್ಲ.

ಅವನು ಸ್ಟೂಲನ್ನು ಅಲ್ಲಿಗೆ ಎಳೆದು ಹತ್ತಿದ. ಅದರ ಒಂದು ಕಾಲು ಗಿಡ್ಡ. ನಾನು ಗಟ್ಟಿಯಾಗಿ ಹಿಡಿದುಕೊಂಡೆ.