ಬೇಕರಿ ಪುಟದಲ್ಲಿ ದರ್ಜಿಯ ಮುಖ

ಚರ್ಚಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಡಿಸೈನರ್ ಮುನಿಸಿಕೊಂಡು ಹೋದ. ಆ ಕೆಲಸ ಬಂದು ದರ್ಜಿಯ ಕೊರಳಿಗೆ ಬಿತ್ತು.

"ಈಗೆಲ್ಲ ಡಿಸೈನರ್ ಯಾಕೆ? ರೆಡಿ ಪುಟ ಸಿಗುತ್ತೆ. ನಮ್ಮ ಹೆಸರು ಬರೆದು ಫೋಟೋ ಎಳೆದು ಹಾಕಿದ್ರೆ ಮುಗೀತು," ಎಂದರು ಪಾದ್ರಿಗಳು. "ಇವತ್ತು ಅದೊಂದು ಮಾಡಿಕೊಡಿ, ನಾಳೆ ಆರಾಧನೇಲಿ ಒಂಟಿ ಹಾಡು ನಿಮ್ದೇ."

ದರ್ಜಿ ಚರ್ಚಿನ ಗಾಯಕರ ಹಿಂದಿನ ಸಾಲಿನಲ್ಲಿ ಬಾಯಾಡಿಸುತ್ತಲೇ ಕೂದಲು ನರೆಸಿಕೊಂಡವನು. ಒಮ್ಮೆಯಾದರೂ ಮುಂದೆ ನಿಂತು ಒಬ್ಬನೇ ಹಾಡಬೇಕು ಎನ್ನುವುದು ಅವನ ಬಹುಕಾಲದ ಆಸೆ. ಕುಣಿಯುತ್ತಾ ಹೋಗಿ ಕಂಪ್ಯೂಟರ್ ಮುಂದೆ ಕೂತ.

ಮಾದರಿ ಪುಟಗಳಲ್ಲಿ ಚರ್ಚಿನದೂ ಇತ್ತು. ಆದರೆ ಬೂದು ಬಣ್ಣ, ದರ್ಜಿಯ ಕಣ್ಣಿಗೆ ಹಿಡಿಸಲಿಲ್ಲ. ಯಾವುದೋ ಬೇಕರಿಯ ಕೆನೆಬಣ್ಣದ ಪುಟ ಆರಿಸಿ, ಹಳೇ ಕೋಟು ಬಿಚ್ಚುವಂತೆ ಮೇಲಿನಿಂದ ಒಂದೊಂದೇ ಬಿಚ್ಚತೊಡಗಿದ. ಕೇಕಿನ ಚಿತ್ರ ತೆಗೆದು ಅಲ್ಲಿ ತನ್ನ ಮುಖವನ್ನೇ ದೊಡ್ಡದಾಗಿ ಕೂರಿಸಿದ. ಹಾಡುವವನು ತಾನಲ್ಲವೇ!

ಆರ್ಗನ್ ನುಡಿಸುವ ಟೀಚರ್ ಇಣುಕಿದರು. "ಏನಣ್ಣ ಇದು, ನೀವೇ ತುಂಬ್ಕೊಂಡಿದ್ದೀರಲ್ಲ. ನುಡಿಸೋಳು ನಾನು ಎಲ್ಲಿ?" ಎಂದು ಮೌಸ್ ಕಿತ್ತುಕೊಂಡು ತಮ್ಮ ಫೋಟೋ ಮೇಲಕ್ಕೆಳೆದರು. ದರ್ಜಿಯ ಮುಖ ಒಂದು ಮೆಟ್ಟಿಲು ಕೆಳಗಿಳಿಯಿತು.

ಗಂಟೆ ಹೊಡೆಯುವ ಅಜ್ಜನೂ ಬಂದ. "ಗಂಟೆ ಇಲ್ಲದೆ ಚರ್ಚ್ ಆಗುತ್ತೇನಪ್ಪ?"

ಗಂಟೆಯೂ ಮೇಲೇರಿತು. ದರ್ಜಿಯ ಮುಖ ಜಾರಿ ಜಾರಿ ಪುಟದ ಬುಡದ ದುಂಡು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹಾಡಿನ ಅಭ್ಯಾಸದ ಹೊತ್ತಾಯಿತು. 'ಇರಲಿ, ದುಂಡಗೆ ಲಕ್ಷಣವಾಗೇ ಇದೆ' ಎಂದುಕೊಂಡು, ಕೆಳಗೇನಿದೆ ಎಂದು ನೋಡದೆ 'ಪ್ರಕಟಿಸು' ಒತ್ತಿ ಓಡಿದ.

ಮರುದಿನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡು ಕೇಳರಿಯದ ಮುಖಗಳೆಲ್ಲ ದರ್ಜಿಯನ್ನೇ ಬೆರಳು ಮಾಡಿ ತೋರಿಸುತ್ತಿದ್ದವು. "ಅವ್ರೇ ಕಣೇ, ಫೋಟೋದಲ್ಲಿದ್ದೋರು."

ದರ್ಜಿಯ ಎದೆ ಉಬ್ಬಿತು. ಬಿಳಿ ನಿಲುವಂಗಿ ಸರಿಮಾಡಿಕೊಂಡು ಮುಂದೆ ಬಂದ, ಗಂಟಲು ಸರಿಮಾಡಿಕೊಂಡ, ಬಾಯಿ ತೆರೆದ.

"ಹಾಡು ಆಮೇಲೆ ಹೇಳಿ ಅಣ್ಣ," ಎಂದಳು ಮುಂದಿನ ಸಾಲಿನ ತಾಯಿಯೊಬ್ಬಳು. "ಮಕ್ಕಳು ಹಸ್ಕೊಂಡಿದ್ದಾವೆ, ಮೊದ್ಲು ಬನ್ ಕೊಡಿ."

ಅವಳ ಫೋನಿನಲ್ಲಿ ದರ್ಜಿಯ ದುಂಡು ಮುಖ, ಅದರಡಿಯಲ್ಲಿ ಯಾರೂ ಬಿಚ್ಚದೆ ಬಿಟ್ಟ ಬೇಕರಿಯ ಸಾಲು: 'ಈ ಭಾನುವಾರ ಬಂದವರಿಗೆಲ್ಲ ಬಿಸಿ ಬನ್ ಉಚಿತ. ನಮ್ಮ ಬಾಣಸಿಗರ ಕೈಯಾರೆ.'

ಪಾದ್ರಿಗಳು ಕಣ್ಸನ್ನೆ ಮಾಡಿದ್ದೇ ತಡ, ದರ್ಜಿ ನಿಲುವಂಗಿ ಎತ್ತಿಕೊಂಡು ಬೀದಿ ಕೊನೆಯ ಬೇಕರಿಗೆ ಓಡಿದ. ಬುಟ್ಟಿ ಹೊತ್ತು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವನ ಹಾಡನ್ನು ಅಜ್ಜ ಹಾಡಿ ಮುಗಿಸಿದ್ದ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಬನ್ ಬಂದ ಮೇಲಂತೂ ಚರ್ಚಿಗೆ ಚರ್ಚೇ ನಗುತ್ತಿತ್ತು.

"ತಪ್ಪಾಯ್ತು ಪಾದ್ರಿಗಳೇ, ಈಗ್ಲೇ ಆ ಸಾಲು ಅಳಿಸ್ತೀನಿ. ಮುಂದಿನ ವಾರ ನಾನು..."

"ಅಳಿಸೋದಾ? ಇಷ್ಟು ಜನಾನ ನಾನಿಲ್ಲಿ ನೋಡೇ ಇರ್ಲಿಲ್ಲ," ಎಂದರು ಪಾದ್ರಿಗಳು, ಬನ್ ಮೆಲ್ಲುತ್ತಾ. "ನಾನೇ ಸ್ವಲ್ಪ ತಿದ್ದಿದೀನಿ ನೋಡಿ. ನಾನು ಹೇಳಿರ್ಲಿಲ್ವಾ, ಏನು ಸುಲಭ ರೀ ಇದು."

ದರ್ಜಿ ಪಾದ್ರಿಗಳ ಫೋನಿನತ್ತ ಬಗ್ಗಿ ನೋಡಿದ. 'ಈ ಭಾನುವಾರ' ಹೋಗಿ 'ಪ್ರತಿ ಭಾನುವಾರ' ಆಗಿತ್ತು. ಕೆಳಗೆ ಹೊಸದೊಂದು ಸಾಲು ಸೇರಿತ್ತು: 'ಹಾಡು, ನಮ್ಮ ಗಂಟೆ ಅಜ್ಜನಿಂದ.'